ಎಸೆಯುವ ಮುನ್ನ ಟಿವಿಯ ಬೆನ್ನು ನೋಡಿ

ದೀಪಾವಳಿ ಕಳೆದು ಒಂದು ವಾರಕ್ಕೆ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಗೇಟಿಗೆ ಹೋದರೆ ಟಿವಿಗಳ ಒಂದು ಸಾಲು ಕಾಣುತ್ತದೆ. ಶಿಕ್ಷೆಗೆ ನಿಲ್ಲಿಸಿದ ಶಾಲಾ ಮಕ್ಕಳ ಹಾಗೆ ಗೋಡೆಗೆ ಮುಖ ಮಾಡಿ ನಿಂತಿರುತ್ತವೆ. ಯಾವುದೂ ಒಡೆದಿಲ್ಲ, ಯಾವುದೂ ಸುಟ್ಟಿಲ್ಲ. ಅವು ಮಾಡಿದ ತಪ್ಪು ಇಷ್ಟೇ, ಹಳೆಯದಾಗಿದ್ದು. ಕಬಾಡಿವಾಲಾ, ಅಂದರೆ ನಮ್ಮೂರ ಭಾಷೆಯಲ್ಲಿ ಗುಜರಿಯವನು, ಬಂದು ತಲಾ ಮುನ್ನೂರೋ ನಾನ್ನೂರೋ ಕೊಟ್ಟು ತಳ್ಳುಗಾಡಿಗೆ ಪೇರಿಸಿಕೊಂಡು ಹೋಗುತ್ತಾನೆ.

2024ರ ದೀಪಾವಳಿಯಲ್ಲಿ ಆ ಸಾಲಿಗೆ ನಮ್ಮ ಮನೆಯ ಟಿವಿಯೂ ಸೇರಬೇಕಿತ್ತು. ಸೇರಲಿಲ್ಲ. ಯಾಕೆ ಸೇರಲಿಲ್ಲ ಅನ್ನುವುದೇ ಈ ಬರಹ. ಓದಿ ನಿಮಗೆ ನನ್ನ ಮೇಲೆ ಸಿಟ್ಟು ಬಂದರೂ ಅಡ್ಡಿಯಿಲ್ಲ. ನಿಮ್ಮ ಮನೆಯ ಅಟ್ಟವನ್ನು ಒಮ್ಮೆ ಹತ್ತಿ ನೋಡಿದರೆ ಸಾಕು.

ಮೊದಲೇ ಹೇಳಿಬಿಡುತ್ತೇನೆ, ನಾನು ಎಂಜಿನಿಯರ್ ಅಲ್ಲ. ಎಂ.ಕಾಂ. ಓದಿ, ರಾಷ್ಟ್ರೀಕೃತ ಬ್ಯಾಂಕೊಂದರಲ್ಲಿ ಮೂವತ್ತೈದು ವರ್ಷ ಡೆಬಿಟ್ಟು ಕ್ರೆಡಿಟ್ಟು ಬರೆದು ನಿವೃತ್ತನಾದವನು. ಮಗನಿಗೆ ನೋಯ್ಡಾದಲ್ಲಿ ಕೆಲಸ. 2019ರಲ್ಲಿ ತೀರ್ಥಹಳ್ಳಿಯ ಮನೆಗೆ ಬೀಗ ಹಾಕಿ ನಾನು, ನನ್ನಾಕೆ, ನನ್ನ ಅಮ್ಮ ಮೂವರೂ ಇಲ್ಲಿಗೆ ಬಂದೆವು. ಅಮ್ಮನಿಗೆ ಈಗ ಎಂಬತ್ತೇಳು.

ಊರಿಗೆ ಫೋನು ಮಾಡಿದರೆ ಎಲ್ಲರದ್ದೂ ಒಂದೇ ಮಾತು. "ನಿಮಗೇನು ಬಿಡಿ ಸ್ವಾಮಿ, ದಿಲ್ಲಿ ಪಕ್ಕ ಇದ್ದೀರಿ, ಮಗ ದುಡೀತಾನೆ, ಬೇಕಾದ್ದು ಸಿಗುತ್ತೆ." ಹೌದು, ಸಿಗುತ್ತದೆ. ಮೆಟ್ರೋ ಇದೆ. ಭಾನುವಾರ ಮನಸ್ಸಾದರೆ ಬೊಟಾನಿಕಲ್ ಗಾರ್ಡನ್ನಿನಲ್ಲಿ ಮೆಜೆಂಟಾ ಲೈನ್ ಹತ್ತಿ ಆರ್.ಕೆ. ಪುರಂನಲ್ಲಿ ಇಳಿದರೆ 1948ರಲ್ಲಿ ಹುಟ್ಟಿದ ದೆಹಲಿ ಕರ್ನಾಟಕ ಸಂಘವೂ ಸಿಗುತ್ತದೆ. ಆದರೆ ಅಮ್ಮನಿಗೆ ಮೆಟ್ರೋ ಹತ್ತಲು ಮಂಡಿ ಬಿಡುವುದಿಲ್ಲ. ಹಿಂದಿ ಬರುವುದಿಲ್ಲ. ಹನ್ನೊಂದನೇ ಮಹಡಿ. ಮಗ ಸೊಸೆ ಆಫೀಸಿಗೆ, ಮೊಮ್ಮಗ ಶಾಲೆಗೆ, ನನ್ನಾಕೆ ಒಳಗೆ ಕೆಲಸದಲ್ಲಿ, ನಾನು ಪಾಸ್‌ಬುಕ್ಕು ತರಕಾರಿ ಔಷಧಿ ಅಂತ ಹೊರಗೆ. ದಿನಕ್ಕೆ ಆರೇಳು ಗಂಟೆ ಅಮ್ಮನ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದದ್ದು ಹಾಲಿನಲ್ಲಿದ್ದ ಟಿವಿ ಒಂದೇ.

2010ರಲ್ಲಿ ಕೊಂಡ ಮೂವತ್ತೆರಡು ಇಂಚಿನ ಎಲ್‌ಸಿಡಿ ಟಿವಿ ಅದು. ಊರಿಂದ ಲಾರಿಯಲ್ಲಿ ನಮ್ಮ ಜೊತೆಗೇ ಬಂದದ್ದು. ಟೆರೇಸಿನ ಮೇಲೊಂದು ಡಿಶ್. ಕೆಂಪು ಗುಂಡಿ ಒತ್ತಿದರೆ ಚಂದನ ಬರುತ್ತಿತ್ತು. ಅಮ್ಮ 'ಥಟ್ ಅಂತ ಹೇಳಿ' ಕಾರ್ಯಕ್ರಮವನ್ನು ಅದು ಶುರುವಾದ 2002ರಿಂದ ನೋಡಿದವಳು. ಸ್ಪರ್ಧಿಗಿಂತ ಮೊದಲೇ ಉತ್ತರ ಹೇಳಿ, ತಪ್ಪಾದರೆ "ನಾ ಎಲ್ಲಿ ಹೇಳಿದೆ?" ಅನ್ನುವವಳು.

ಆ ದೀಪಾವಳಿಗೆ ಮಗ ಐವತ್ತೈದು ಇಂಚಿನ ಸ್ಮಾರ್ಟ್ ಟಿವಿ ತಂದ. ಡಿಶ್ ಸಂಪರ್ಕ ನಿಲ್ಲಿಸಿದ. "ಅಪ್ಪಾ, ಇನ್ನು ಎಲ್ಲಾ ಇಂಟರ್ನೆಟ್ಟಲ್ಲೇ ಬರುತ್ತೆ, ಡಿಶ್ಶಿಗೆ ಯಾಕೆ ದುಡ್ಡು ಕಟ್ತೀಯ?" ಅಂದ. ಮಾತು ಸುಳ್ಳಲ್ಲ. ಹಳೆಯದು ಬಾಲ್ಕನಿಗೆ ಹೋಯಿತು.

ಹೊಸ ಟಿವಿ ಹಾಕಿದರೆ ಚಾನೆಲ್ಲು ಬರುವುದಿಲ್ಲ. ಒಂದು ಅಂಗಡಿಬೀದಿ ಬರುತ್ತದೆ. ಮೇಲೆ ಹಿಂದಿ ಸಿನಿಮಾದ ಜಾಹೀರಾತು, ಕೆಳಗೆ ಇಪ್ಪತ್ತು ಚೌಕಗಳು. ಅದರಲ್ಲಿ ಎಡದಿಂದ ನಾಲ್ಕನೆಯದು ಯೂಟ್ಯೂಬು. ಒತ್ತಿದರೆ "ಯಾರು ನೋಡುತ್ತಿದ್ದೀರಿ?" ಅಂತ ಇಂಗ್ಲಿಷಿನಲ್ಲಿ ಕೇಳುತ್ತದೆ. ಅಮ್ಮನಿಗೆ ಒಂದು ವಾರ ಕೂತು ಕಲಿಸಿದೆವು. ಪಾಪ, ಬೆರಳು ಎಣಿಸಿಕೊಂಡು "ಬಲಕ್ಕೆ ಮೂರು ಸಲ, ಆಮೇಲೆ ನಡೂ ಗುಂಡಿ" ಅಂತ ಬಾಯಿಪಾಠ ಮಾಡಿದಳು. ಒಂದು ರಾತ್ರಿ ಟಿವಿ ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಯಿತು. ಬೆಳಿಗ್ಗೆ ನೋಡಿದರೆ ಚೌಕಗಳೆಲ್ಲ ಜಾಗ ಬದಲಾಯಿಸಿದ್ದವು.

ಅಮ್ಮ ಯಾರಿಗೂ ಹೇಳಲಿಲ್ಲ. ನಾಲ್ಕನೇ ದಿನ ನಾನು ಹೊರಗಿಂದ ಬೇಗ ಬಂದೆ. ಕಪ್ಪು ಪರದೆಯ ಮುಂದೆ ರಿಮೋಟು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಯಾಕಮ್ಮ, ಹಾಕ್ಲಿಲ್ವಾ?" ಅಂದೆ. "ಬೇಡ ಮಾರಾಯ, ನಿದ್ದೆ ಬರ್ತಿತ್ತು" ಅಂದಳು. ಸಂಜೆ ಮೊಮ್ಮಗ ನನ್ನ ಕಿವಿಯ ಹತ್ತಿರ ಬಂದು ಗುಟ್ಟು ಬಿಟ್ಟ. "ಅಜ್ಜಾ, ದೊಡ್ಡಜ್ಜಿಗೆ ಮೂರು ದಿನದಿಂದ ಟಿವಿ ಹಾಕಕ್ಕೆ ಬರ್ತಿಲ್ಲ. ಯಾರಿಗೂ ಹೇಳ್ಬೇಡ ಅಂದ್ಲು." ಆಮೇಲೆ ಅಮ್ಮನನ್ನು ಕೇಳಿದೆ. ಅವಳು ಹೇಳಿದ್ದು ಇಷ್ಟು: "ಅಷ್ಟು ದುಡ್ಡಿನ ಸಾಮಾನು, ನಾನೇ ಕೆಡಿಸಿಬಿಟ್ಟೆ ಅಂದ್ಕೊಂಡೆ."

ಸ್ವಾಮಿ, ಇದನ್ನು ಸ್ಮಾರ್ಟ್ ಅನ್ನುತ್ತಾರೆ. ಎಂಬತ್ತು ದಾಟಿದ ಹೆಂಗಸು ತನ್ನ ಮನೆಯಲ್ಲಿ ತಾನೇ ಕಳ್ಳಿಯ ಹಾಗೆ ಮೂರು ದಿನ ಕೂರುವಂತೆ ಮಾಡುವ ಯಂತ್ರಕ್ಕೆ!

ಆ ರಾತ್ರಿ ಬಾಲ್ಕನಿಗೆ ಹೋಗಿ ಹಳೇ ಟಿವಿಯನ್ನು ತಿರುಗಿಸಿದೆ. ಹದಿನಾಲ್ಕು ವರ್ಷ ಅದರ ಮುಖ ನೋಡಿದ್ದೆ, ಬೆನ್ನು ನೋಡಿರಲಿಲ್ಲ. ಧೂಳು ಒರೆಸಿದರೆ ಒಂದೊಂದೇ ತೂತು ಕಂಡಿತು. ಹಳದಿ ಕೆಂಪು ಬಿಳಿ ಮೂರು ಗುಂಡು ತೂತು. ಹದಿನೈದು ಸಣ್ಣ ರಂಧ್ರಗಳ ನೀಲಿ ವಿಜಿಎ ಕಿಂಡಿ, ಮೇಲೆ 'ಪಿಸಿ' ಎಂದು ಬರೆದದ್ದು. ಪಕ್ಕದಲ್ಲಿ ಚಪ್ಪಟೆಯಾದ ಎಚ್‌ಡಿಎಂಐ ಕಿಂಡಿ. ಈ ಎಚ್‌ಡಿಎಂಐ ನಿಯಮಾವಳಿ ಹೊರಬಂದದ್ದೇ 2002ರ ಕೊನೆಗೆ. 2010ರ ಹೊತ್ತಿಗೆ ಚಪ್ಪಟೆ ಟಿವಿಗಳಲ್ಲೆಲ್ಲ ಅದು ಮಾಮೂಲಾಗಿತ್ತು. ಅಂದರೆ ಕಂಪ್ಯೂಟರಿಗೆ ಪರದೆಯಾಗಲು ಬೇಕಾದ ಬಾಗಿಲು ನಮ್ಮ ಟಿವಿಯಲ್ಲಿ ಮೊದಲ ದಿನದಿಂದಲೂ ತೆರೆದೇ ಇತ್ತು. ನಾವು ತಟ್ಟಿರಲಿಲ್ಲ ಅಷ್ಟೆ.

ಮನೆಯಲ್ಲಿ ಇನ್ನೊಂದು ನಿವೃತ್ತ ಜೀವವಿತ್ತು, ಮಗನ 2013ರ ಲ್ಯಾಪ್‌ಟಾಪು. ವಿಂಡೋಸ್ ಹಾಕಿದರೆ ಮೇಲೇಳುವುದಕ್ಕೆ ಐದು ನಿಮಿಷ ನರಳುತ್ತಿತ್ತು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಅಂತ ಆಗಲೇ ಪ್ರಕಟವಾಗಿತ್ತು, ಹಾಗೇ ಮುಗಿಯಿತು ಕೂಡ. ವಿಂಡೋಸ್ 11ಕ್ಕೆ ಈ ವಯಸ್ಸಿನ ಲ್ಯಾಪ್‌ಟಾಪುಗಳು ಅರ್ಹವೇ ಅಲ್ಲ. ನಾನು ಅದಕ್ಕೆ ಲಿನಕ್ಸ್ ಹಾಕಿದೆ. 1991ರಲ್ಲಿ ಹೆಲ್ಸಿಂಕಿಯ ಲೈನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಶುರು ಮಾಡಿದ, ಇವತ್ತು ಸಾವಿರಾರು ಜನ ಸೇರಿ ಬೆಳೆಸುತ್ತಿರುವ ತಂತ್ರಾಂಶ. ದುಡ್ಡಿಲ್ಲ. ಪೆನ್ ಡ್ರೈವಿಗೆ ಇಳಿಸಿಕೊಂಡು, ಒಳಗೆ ಸ್ಥಾಪಿಸದೆಯೇ ಮೊದಲು ಓಡಿಸಿ ನೋಡಬಹುದು. ಹುಡುಗಿ ನೋಡುವ ಶಾಸ್ತ್ರದ ಹಾಗೆ, ಒಪ್ಪಿಗೆಯಾದರೆ ಮುಂದುವರಿಯಬಹುದು. ನಾಲ್ಕು ಜಿಬಿ ರ‍್ಯಾಮಿಗೆ ಲಿನಕ್ಸ್ ಮಿಂಟ್ ಆರಾಮಾಗಿ ಕೂತಿತು. ಹಳೇ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದ ಮೇಲೆ ಅರ್ಧ ನಿಮಿಷಕ್ಕೆ ಎದ್ದು ಕೂರುತ್ತದೆ.

ಕೇಬಲ್ಲಿಗೆ ಅಟ್ಟಾ ಮಾರ್ಕೆಟ್ಟಿಗೆ ಹೋದೆ. ವಿಷಯ ಕೇಳಿದ ಅಂಗಡಿಯ ಹುಡುಗ ನನ್ನನ್ನು ಮ್ಯೂಸಿಯಮ್ಮಿನಿಂದ ತಪ್ಪಿಸಿಕೊಂಡು ಬಂದವನ ಹಾಗೆ ನೋಡಿದ. "ಅಂಕಲ್‌ಜೀ, ಪುರಾನಾ ಟಿವಿ, ಊಪರ್ ಸೇ ಲಿನಕ್ಸ್! ನಹೀ ಚಲೇಗಾ. ನಯಾ ಲೇ ಲೋ, ಎಕ್ಸ್‌ಚೇಂಜ್ ಮೇ ಪಂದ್ರಹ್ ಸೌ ದೇ ದೂಂಗಾ" ಅಂದ. ಹದಿನೈದು ನೂರಂತೆ! ನಾನು ಇನ್ನೂರು ರೂಪಾಯಿ ಕೊಟ್ಟು ಕೇಬಲ್ ಒಂದೇ ತಂದೆ.

ನಡೆಯಿತೇ ಅಂದರೆ, ಎರಡು ರಾತ್ರಿ ಹಿಡಿಯಿತು. ಮೊದಲು 'ನೋ ಸಿಗ್ನಲ್' ಬಂತು. ರಿಮೋಟಿನ 'ಸೋರ್ಸ್' ಗುಂಡಿ ಒತ್ತಿ ಎಚ್‌ಡಿಎಂಐ ಆರಿಸಬೇಕು ಅಂತ ಹೊಳೆಯಲು ಅರ್ಧ ಗಂಟೆ. ಚಿತ್ರ ಬಂತು, ಧ್ವನಿ ಟಿವಿಯಲ್ಲಿ ಬರದೆ ಲ್ಯಾಪ್‌ಟಾಪಿನಲ್ಲೇ ಕುಂಯ್‌ಗುಟ್ಟಿತು. ಸೌಂಡ್ ಸೆಟ್ಟಿಂಗಿನಲ್ಲಿ ಔಟ್‌ಪುಟ್ ಎಂಬಲ್ಲಿ ಎಚ್‌ಡಿಎಂಐ ಆರಿಸಿದೆ, ಟಿವಿ ಬಾಯಿಬಿಟ್ಟಿತು. ಹತ್ತು ನಿಮಿಷಕ್ಕೊಮ್ಮೆ ಪರದೆ ಕಪ್ಪಾಗುತ್ತಿತ್ತು. ಪವರ್ ಸೆಟ್ಟಿಂಗಿನಲ್ಲಿ 'ಎಂದೂ ಇಲ್ಲ' ಮಾಡಿದೆ. ಲ್ಯಾಪ್‌ಟಾಪಿನ ಮುಚ್ಚಳ ಹಾಕಿದರೆ ನಿದ್ದೆ ಹೋಗುತ್ತಿತ್ತು, ಅದಕ್ಕೂ ಅಲ್ಲೇ ಮದ್ದು. ಇನ್ನು ರೆಸಲ್ಯೂಷನ್. 1280 ಬೈ 720ಕ್ಕೆ ಇಟ್ಟೆ, ಅಕ್ಷರ ದಪ್ಪಗಾಯಿತು. ಅಮ್ಮನ ಕಣ್ಣಿಗೆ ಅದೇ ಬೇಕಿತ್ತು.

ಒಂದು ತೊಡಕು ಮಾತ್ರ ನನ್ನನ್ನು ನಿಜವಾಗಿ ಕಾಡಿತು. ಚಿತ್ರದ ನಾಲ್ಕೂ ಅಂಚು ಟಿವಿಯ ಆಚೆಗೆ ಹೋಗಿತ್ತು. ಕೆಳಗಿನ ಪಟ್ಟಿಯೇ ಕಾಣುತ್ತಿರಲಿಲ್ಲ. ಇದಕ್ಕೆ ಓವರ್‌ಸ್ಕ್ಯಾನ್ ಅನ್ನುತ್ತಾರೆ. ಡಬ್ಬಾ ಟಿವಿಯ ಕಾಲದಲ್ಲಿ ಪಿಕ್ಚರ್ ಟ್ಯೂಬಿನ ಅಂಚು ಒಂದೊಂದು ಸೆಟ್ಟಿನಲ್ಲಿ ಒಂದೊಂದು ಥರ, ಅಂಚಿನಲ್ಲಿ ಚಿತ್ರ ಸೊಟ್ಟಗೂ ಆಗುತ್ತಿತ್ತು. ಅದಕ್ಕೇ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ, ಅಂಚನ್ನು ಚೌಕಟ್ಟಿನ ಹಿಂದೆ ಅಡಗಿಸುತ್ತಿದ್ದರು. ಚಪ್ಪಟೆ ಟಿವಿಗೆ ಅದರ ಅಗತ್ಯವೇ ಇಲ್ಲ, ಆದರೂ ಪದ್ಧತಿ ಉಳಿಯಿತು. ತಿಥಿಯ ದಿನ ಬೆಕ್ಕಿನ ಕಾಟ ಅಂತ ಅಜ್ಜ ಅದನ್ನು ಬುಟ್ಟಿ ಕೆಳಗೆ ಮುಚ್ಚಿಟ್ಟನಂತೆ. ಮೊಮ್ಮಗನ ಕಾಲಕ್ಕೆ ಮನೆಯಲ್ಲಿ ಬೆಕ್ಕಿಲ್ಲದಿದ್ದರೂ ತಿಥಿಗೆಂದೇ ಬೆಕ್ಕು ಹುಡುಕಿ ತಂದು ಮುಚ್ಚಿಟ್ಟರಂತೆ. ಅದೇ ಕತೆ. ಪರಿಹಾರ ಟಿವಿಯ ಮೆನುವಿನಲ್ಲೇ ಇತ್ತು. ಇದನ್ನು ಒಂದು ಕಂಪನಿ 'ಜಸ್ಟ್ ಸ್ಕ್ಯಾನ್' ಅಂದರೆ ಇನ್ನೊಂದು 'ಸ್ಕ್ರೀನ್ ಫಿಟ್', ಮತ್ತೊಂದು 'ಫುಲ್ ಪಿಕ್ಸೆಲ್' ಅನ್ನುತ್ತದೆ. ಚಿತ್ರದ ಅಳತೆ ಎಂಬಲ್ಲಿ ಹುಡುಕಿ. ಟಿವಿಯಲ್ಲಿ ಸಿಗದಿದ್ದರೆ ಲಿನಕ್ಸಿನಲ್ಲಿ ಎಕ್ಸ್‌ರ‍್ಯಾಂಡರ್ ಎಂಬ ಆಜ್ಞೆ ಇದೆ, ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ಪು ಒಪ್ಪಿದರೆ ಅದರಿಂದಲೂ ಚಿತ್ರವನ್ನು ಕುಗ್ಗಿಸಬಹುದು.

ನಿಮ್ಮ ಅಟ್ಟದಲ್ಲಿರುವುದು ಇನ್ನೂ ಹಳೆಯ, ಹೊಟ್ಟೆ ಉಬ್ಬಿದ ಡಬ್ಬಾ ಟಿವಿಯೇ? ಅದಕ್ಕೂ ದಾರಿಯಿದೆ. ಎಚ್‌ಡಿಎಂಐಯಿಂದ ಎವಿಗೆ ಬದಲಾಯಿಸುವ ಬೆಂಕಿಪೊಟ್ಟಣದಷ್ಟು ಡಬ್ಬಿ ಸಿಗುತ್ತದೆ. ಕೊಳ್ಳುವಾಗ ದಿಕ್ಕು ನೋಡಿ. ಎವಿಯಿಂದ ಎಚ್‌ಡಿಎಂಐಗೆ ಹೋಗುವುದು ಬೇರೆ, ನೋಡಲು ಎರಡೂ ಒಂದೇ ಥರ, ಒಂದರ ಕೆಲಸ ಇನ್ನೊಂದು ಮಾಡದು. ಆದರೆ ನಿರೀಕ್ಷೆ ಹದದಲ್ಲಿರಲಿ. 1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂದಾಗಿನಿಂದ ನಮ್ಮದು ಪಾಲ್ ಪದ್ಧತಿ, ಚಿತ್ರಕ್ಕೆ ಸಿಗುವುದು 576 ಗೆರೆ ಮಾತ್ರ. ಯಕ್ಷಗಾನ, ಸಿನಿಮಾ ಚೆನ್ನಾಗಿಯೇ ಕಾಣುತ್ತದೆ. ಸಣ್ಣ ಅಕ್ಷರ ಓದಲಾಗದು. ವಿಜಿಎ ಕಿಂಡಿ ಬಳಸುವವರು ಧ್ವನಿಗೆ ಬೇರೆ ತಂತಿ ಹಾಕಬೇಕು, ವಿಜಿಎ ಚಿತ್ರವನ್ನಷ್ಟೇ ಹೊರುತ್ತದೆ.

ಈಗ ವಾದಕ್ಕೆ ಬರುತ್ತೇನೆ. ನಾನು ಬ್ಯಾಂಕು ಸೇರಿದ 1984ರಲ್ಲೇ ರಂಗರಾಜನ್ ಸಮಿತಿ ಬ್ಯಾಂಕುಗಳ ಯಾಂತ್ರೀಕರಣದ ಬಗ್ಗೆ ವರದಿ ಕೊಟ್ಟಿತು. ಕೆಲಸ ಹೋಗುತ್ತದೆ ಅಂತ ಯೂನಿಯನ್ನಿನವರು ಧರಣಿ ಕೂತರು, ಅದರಲ್ಲಿ ನಾನೂ ಇದ್ದೆ. ತೊಂಬತ್ತರ ದಶಕದಲ್ಲಿ ನಮ್ಮ ಶಾಖೆಗೆ ಯುನಿಕ್ಸ್ ಮಿಷನ್ ಬಂತು. ಲಿನಕ್ಸ್ ಬೆಳೆದದ್ದು ಆ ಯುನಿಕ್ಸಿನ ಮಾದರಿಯಲ್ಲೇ. ಒಳಗಿನ ತಣ್ಣನೆ ಕೋಣೆಯಲ್ಲಿ ಒಂದು ಸರ್ವರು, ಹೊರಗೆ ಕೌಂಟರುಗಳ ಮೇಲೆ ಆರು ಟರ್ಮಿನಲ್ಲು. ಅವಕ್ಕೆ 'ಡಂಬ್ ಟರ್ಮಿನಲ್' ಅಂತಲೇ ಹೆಸರು, ಪೆದ್ದು ಪರದೆ. ಅದಕ್ಕೆ ತನ್ನದೇ ಬುದ್ಧಿಯಿಲ್ಲ. ಸರ್ವರು ಹೇಳಿದ್ದನ್ನು ತೋರಿಸುತ್ತದೆ, ನಾವು ಒತ್ತಿದ್ದನ್ನು ತಲುಪಿಸುತ್ತದೆ. ಸರ್ವರು ಹಳತಾಯಿತು, ಬದಲಾಯಿಸಿದರು. ಆ ಪೆದ್ದು ಪರದೆಗಳು ಮಾತ್ರ ನಾನು ವರ್ಗವಾಗಿ ಹೋಗುವವರೆಗೂ ಅಲ್ಲೇ ಮಿನುಗುತ್ತಿದ್ದವು. ಪರದೆ ಬೇರೆ, ಮಿದುಳು ಬೇರೆ. ಎರಡಕ್ಕೂ ಆಯಸ್ಸು ಬೇರೆ ಬೇರೆ, ಆದ್ದರಿಂದ ಬೇರೆಯಾಗಿಯೇ ಇಡಬೇಕು. ನಾನು ಹೇಳಬೇಕಾದ್ದು ಇದೊಂದೇ.

ಪರದೆ ಹದಿನೈದು ವರ್ಷ ಬಾಳುತ್ತದೆ, ನಮ್ಮದು ಬಾಳಿದೆ. ಅದರೊಳಗೆ ಕೂರಿಸಿದ ಮಿದುಳು ಐದಾರು ವರ್ಷಕ್ಕೆ ಮುದಿಯಾಗುತ್ತದೆ. ಎತ್ತಿಗೆ ವಯಸ್ಸಾಯಿತು ಅಂತ ಗಾಡಿಗೆ ಬೆಂಕಿ ಹಚ್ಚುತ್ತೇವೆಯೇ? ಸ್ಮಾರ್ಟ್ ಟಿವಿಯಲ್ಲಿ ಆಗುವುದು ಅದೇ, ಎತ್ತನ್ನೂ ಗಾಡಿಯನ್ನೂ ಸೇರಿಸಿ ಎರಕ ಹೊಯ್ದಿದ್ದಾರೆ. 2012 ಮತ್ತು ಅದಕ್ಕಿಂತ ಹಳೆಯ ಎಷ್ಟೋ ಸ್ಮಾರ್ಟ್ ಟಿವಿಗಳಲ್ಲಿ ಯೂಟ್ಯೂಬ್ ಆ್ಯಪು 2015ರಲ್ಲಿ ನಿಂತುಹೋಯಿತು. 2010 ಮತ್ತು 2011ರ ಕೆಲವು ಸ್ಯಾಮ್‌ಸಂಗ್ ಮಾದರಿಗಳಲ್ಲಿ 2019ರ ಡಿಸೆಂಬರಿನಿಂದ ನೆಟ್‌ಫ್ಲಿಕ್ಸ್ ನಿಂತಿತು. ಪರದೆ ಹಾಳಾಗಿರಲಿಲ್ಲ. ನಮ್ಮ ಪೆದ್ದು ಟಿವಿ ಅದೇ 2010ರದ್ದು, ಇವತ್ತಿನ ಯೂಟ್ಯೂಬನ್ನು ಇವತ್ತಿನ ಬ್ರೌಸರಿನಲ್ಲಿ ತೋರಿಸುತ್ತಿದೆ. ಯಾಕೆಂದರೆ ಅದಕ್ಕೆ ಬುದ್ಧಿ ಇಲ್ಲ!

ಇನ್ನೊಂದು. ಮನೆಯೊಳಗೆ ಕೂತ ಮಿದುಳಿಗೆ ಕಣ್ಣೂ ಇರುತ್ತದೆ. 2017ರಲ್ಲಿ ಅಮೆರಿಕದ ವಿಜಿಯೋ ಎಂಬ ಟಿವಿ ಕಂಪನಿ, ಒಂದು ಕೋಟಿ ಹತ್ತು ಲಕ್ಷ ಟಿವಿಗಳಲ್ಲಿ ಯಾರು ಏನು ನೋಡುತ್ತಾರೆ ಅಂತ ಕೇಳದೆ ದಾಖಲಿಸಿದ ಆರೋಪಕ್ಕೆ ಇಪ್ಪತ್ತೆರಡು ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು. ಬ್ಯಾಂಕಿನಲ್ಲಿ ನಾವು ಗ್ರಾಹಕರ ಖಾತೆಯ ವಿಷಯ ಪಕ್ಕದ ಮನೆಯವರಿಗೆ ಹೇಳಿದ್ದರೆ ಸಸ್ಪೆಂಡ್ ಆಗುತ್ತಿದ್ದೆವು.

"ಅಪ್ಪಾ, ಕರೆಂಟು ಬಿಲ್ಲು ನೋಡಿದ್ಯಾ?" ಅಂತ ಮಗ ಕೇಳಿದ. ನ್ಯಾಯವಾದ ಪ್ರಶ್ನೆ, ಲೆಕ್ಕ ಮಾಡೋಣ. ಹಳೇ ಟಿವಿಯ ಬೆನ್ನಿನ ಚೀಟಿಯಲ್ಲಿ 120 ವ್ಯಾಟ್ ಎಂದಿದೆ. ಅದೇ ಅಳತೆಯ ಹೊಸ ಎಲ್‌ಇಡಿ ಟಿವಿಗೆ 50 ಹಿಡಿಯಿರಿ. ವ್ಯತ್ಯಾಸ 70. ಲ್ಯಾಪ್‌ಟಾಪಿಗೆ 30 ಸೇರಿಸಿ, ಒಟ್ಟು 100 ವ್ಯಾಟ್ ಹೆಚ್ಚು. ದಿನಕ್ಕೆ ನಾಲ್ಕು ಗಂಟೆ ಅಂದರೆ 0.4 ಯೂನಿಟ್, ವರ್ಷಕ್ಕೆ 146 ಯೂನಿಟ್. ಏಳು ರೂಪಾಯಿಯಂತೆ 1,022 ರೂಪಾಯಿ. ಹೊಸ ಮೂವತ್ತೆರಡು ಇಂಚಿನದಕ್ಕೆ ಹದಿನಾಲ್ಕು ಸಾವಿರ ಅಂತ ಹಿಡಿದರೂ ಅಸಲು ಹುಟ್ಟಲು ಹದಿಮೂರು ವರ್ಷ ಮೇಲೆ ಬೇಕು. ಅಷ್ಟರಲ್ಲಿ ಹೊಸದರ ಮಿದುಳಿಗೆ ಎಷ್ಟು ಸಲ ತಿಥಿ ಮಾಡಬೇಕೋ! ಮಗ ಕ್ಯಾಲ್ಕುಲೇಟರ್ ನೋಡಿ ಸುಮ್ಮನಾದ.

ಸೊಸೆಯ ಪ್ರಶ್ನೆ ಇನ್ನೂ ಚುರುಕು. "ಮಾವ, ಹಳೇ ಟಿವಿಗೆ ಒಂದು ಸ್ಟಿಕ್ ಸಿಕ್ಕಿಸಿದ್ರೆ ಸಾಕಿತ್ತಲ್ವಾ? ಇಷ್ಟೆಲ್ಲ ಯಾಕೆ?" ಸ್ಟಿಕ್ಕು ತಪ್ಪಲ್ಲ. ಅಲ್ಲೂ ಪರದೆ ಬೇರೆ ಮಿದುಳು ಬೇರೆಯೇ. ಟಿವಿ ಎಸೆಯುವುದಕ್ಕಿಂತ ಸಾವಿರ ಪಾಲು ಮೇಲು. ಆದರೆ ಸ್ಟಿಕ್ಕಿನ ಮುಖಪುಟ ಕಂಪನಿಯದು. ಅದನ್ನೂ ರಾತ್ರೋರಾತ್ರಿ ಬದಲಾಯಿಸಬಹುದು, ಅಮ್ಮ ಮತ್ತೆ ಕಪ್ಪು ಪರದೆ ನೋಡುತ್ತ ಕೂರಬಹುದು. ಲಿನಕ್ಸಿನಲ್ಲಿ ನಾನು ಇಟ್ಟದ್ದು ಇಟ್ಟಲ್ಲೇ ಇರುತ್ತದೆ. ಕೊರತೆಯೂ ಇದೆ, ಮುಚ್ಚಿಡುವುದಿಲ್ಲ. ದುಡ್ಡು ಕಟ್ಟಿ ನೋಡುವ ಕೆಲವು ಸೇವೆಗಳು ಲಿನಕ್ಸ್ ಬ್ರೌಸರಿಗೆ ಪೂರ್ತಿ ಸ್ಪಷ್ಟ ಚಿತ್ರ ಕೊಡುವುದಿಲ್ಲ. ನಮ್ಮ ಟಿವಿ ಇರುವುದೇ 768 ಗೆರೆಯದು, ಅಮ್ಮನ ಕಣ್ಣಿಗೆ ಪೊರೆ. ನಮಗೆ ವ್ಯತ್ಯಾಸ ತಿಳಿದಿಲ್ಲ.

ಎಸೆದ ಟಿವಿ ಎಲ್ಲಿಗೆ ಹೋಗುತ್ತದೆ ಅಂತ ಊರಿನಲ್ಲಿರುವ ನಿಮಗೆ ಕಾಣುವುದಿಲ್ಲ. ಇಲ್ಲಿ ನಮಗೆ ಕಾಣುತ್ತದೆ. ನೋಯ್ಡಾ 1976ರಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ ಕೈಗಾರಿಕೆಗಾಗಿಯೇ ಕಟ್ಟಲು ಹೊರಟ ಊರು. ತೊಂಬತ್ತರ ದಶಕದಲ್ಲಿ ಇಲ್ಲೂ ಪಕ್ಕದ ಗ್ರೇಟರ್ ನೋಯ್ಡಾದಲ್ಲೂ ಕೊರಿಯಾ ಕಂಪನಿಗಳ ಕಾರ್ಖಾನೆ ಬಂದವು, ಟಿವಿ ತಯಾರಾದವು. ಸೆಕ್ಟರ್ 16ಎ ಫಿಲ್ಮ್ ಸಿಟಿಯಿಂದ ದೇಶಕ್ಕೆಲ್ಲ ಟಿವಿ ಸುದ್ದಿ ಬಡಿಸುತ್ತಾರೆ. ಅಲ್ಲಿಂದ ಯಮುನೆಯ ಇದೇ ದಡದಲ್ಲಿ ಉತ್ತರಕ್ಕೆ ಹೋದರೆ ಈಶಾನ್ಯ ದಿಲ್ಲಿಯ ಸೀಲಂಪುರ, ವಿದ್ಯುನ್ಮಾನ ಕಸ ಬಿಚ್ಚುವುದಕ್ಕೆ ಹೆಸರಾದ ಜಾಗ. ಟಿವಿಯ ಹುಟ್ಟು ಸಾವು ಎರಡೂ ಒಂದೇ ಬಸ್ಸಿನ ದೂರದಲ್ಲಿ. ಡಬ್ಬಾ ಟಿವಿಯ ಗಾಜಿನಲ್ಲಿ ಕಿಲೋ ಲೆಕ್ಕದಲ್ಲಿ ಸೀಸ ಇರುತ್ತದೆ. ಹಳೇ ಎಲ್‌ಸಿಡಿಯ ಹಿಂಬದಿ ದೀಪದಲ್ಲಿ ಪಾದರಸ. ಸುತ್ತಿಗೆ ಹಿಡಿದು ಅದನ್ನು ಒಡೆಯುವವರ ಕೈಗೆ ಗವುಸು ಇರುವುದಿಲ್ಲ.

ಕಾನೂನಿಲ್ಲವೇ? ಇದೆ. ವಿದ್ಯುನ್ಮಾನ ಕಸದ ಮೊದಲ ನಿಯಮ 2011ರದ್ದು, ಆಮೇಲೆ 2016ರದ್ದು, ಈಗಿನದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ತಯಾರಕರೇ ಕಸದ ಹೊಣೆ ಹೊರಬೇಕು ಅನ್ನುತ್ತದೆ. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗೆಂದೇ ಒಂದು ಪೋರ್ಟಲ್ ತೆರೆಯಿತು. ಫ್ರಾನ್ಸಿನಲ್ಲಿ 2021ರಲ್ಲಿ, ಟಿವಿಯ ಮೇಲೆ ರಿಪೇರಿ ಎಷ್ಟು ಸುಲಭ ಅಂತ ಹತ್ತಕ್ಕೆ ಅಂಕ ಹಾಕಿ ಮಾರಬೇಕು ಅಂತ ನಿಯಮ ತಂದರು. ಎಲ್ಲ ಒಳ್ಳೆಯದೇ. ಆದರೆ ಚೆನ್ನಾಗಿ ಓಡುವ ಟಿವಿಯನ್ನು ನಾವೇ ಗೇಟಿಗೆ ತಂದಿಟ್ಟರೆ ಯಾವ ನಿಯಮ ಏನು ಮಾಡೀತು? ಬ್ಯಾಂಕಿನಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ ಶೇಕಡಾ 33.33 ಸವಕಳಿ ಬರೆಯುತ್ತಿದ್ದೆವು. ಮೂರು ವರ್ಷಕ್ಕೆ ಪುಸ್ತಕದಲ್ಲಿ ಅದರ ಬೆಲೆ ಒಂದು ರೂಪಾಯಿ. ಆದರೂ ಅದೇ ಕಂಪ್ಯೂಟರಿನಲ್ಲಿ ಕೋಟಿಗಟ್ಟಲೆ ವ್ಯವಹಾರ ನಡೆಸಿದ್ದೇವೆ. ಪುಸ್ತಕದ ಬೆಲೆ ಬೇರೆ, ಕೆಲಸದ ಬೆಲೆ ಬೇರೆ ಅಂತ ಗುಮಾಸ್ತನಿಗೂ ಗೊತ್ತಿತ್ತು. ಎಂಬಿಎ ಮಾಡಿದ ನಮ್ಮ ಮಕ್ಕಳಿಗೆ ಯಾಕೆ ಗೊತ್ತಾಗುತ್ತಿಲ್ಲ?

ಕೊನೆಗೆ ನಿಮಗೊಂದು ಮಾತು, ಊರಿನವರಿಗೆ. ಲಿನಕ್ಸಿನಲ್ಲಿ ಕನ್ನಡ ಇದೆ. ಈ ಬರಹವನ್ನು ಅದೇ ಲ್ಯಾಪ್‌ಟಾಪಿನಲ್ಲಿ, ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆಯಲ್ಲಿ ಬೆರಳಚ್ಚಿಸಿದ್ದೇನೆ. ಏನೂ ಕೊಳ್ಳಬೇಕಾಗಲಿಲ್ಲ. ಕೇರಳದ ಸರ್ಕಾರಿ ಶಾಲೆಗಳು 2000ದ ದಶಕದಿಂದಲೇ ಮುಕ್ತ ತಂತ್ರಾಂಶದಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿವೆ. ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಗಡಿಯ ಈಚೆಗಿನ ನಮಗೆ ಅದು ಇನ್ನೂ ಎಂಜಿನಿಯರುಗಳ ಸೊತ್ತು.

2025ರ ಬೇಸಿಗೆಯಲ್ಲಿ ಊರಿಗೆ ಬಂದಾಗ ನಾನು ಓದಿದ ಶಾಲೆಗೆ ಹೋಗಿದ್ದೆ. ಹಳೇ ವಿದ್ಯಾರ್ಥಿಗಳು ಕೊಟ್ಟ ಟಿವಿ ಬೀರುವಿನ ಮೇಲೆ, ಯಾರೋ ದಾನ ಕೊಟ್ಟ ಲ್ಯಾಪ್‌ಟಾಪು ಬೀರುವಿನ ಒಳಗೆ. ಎರಡಕ್ಕೂ ನಡುವೆ ಒಂದು ಗೇಣು ಮರದ ಹಲಗೆ. ಮೇಷ್ಟ್ರು "ಎರಡೂ ಔಟ್‌ಡೇಟೆಡ್ ಸಾರ್" ಅಂದರು. ಜೋಡಿಸಲು ಒಂದು ಮಧ್ಯಾಹ್ನ ಸಾಕಾಯಿತು. ಅಲ್ಲಿ ನೆಟ್‌ವರ್ಕ್ ಬರುವುದು ಗಾಳಿ ಬೀಸಿದ ದಿಕ್ಕಿಗೆ. ಅದಕ್ಕೇ ಕಿವಿಕ್ಸ್ ಎಂಬ ತಂತ್ರಾಂಶದ ಮೂಲಕ, 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವನ್ನು ಪೆನ್ ಡ್ರೈವಿನಲ್ಲಿ ಒಯ್ದು ಒಳಗೆ ಹಾಕಿದೆ. ಇಂಟರ್ನೆಟ್ ಇಲ್ಲದೆಯೂ ತೆರೆಯುತ್ತದೆ. ಮೇಷ್ಟ್ರು ಮೊದಲು ಹುಡುಕಿದ್ದು ತಮ್ಮದೇ ತಾಲ್ಲೂಕಿನ ಹೆಸರು.

ಅಮ್ಮನ ಕೋಣೆಯಲ್ಲಿ ಈಗ ಹಳೇ ಟಿವಿ. ಅದರ ಹಿಂದೆ ಮುಚ್ಚಳ ಹಾಕಿದ ಲ್ಯಾಪ್‌ಟಾಪು. ಪರದೆಯ ಮೇಲೆ ಮೂರೇ ಮೂರು ದೊಡ್ಡ ಗುರುತು, ಕನ್ನಡದಲ್ಲಿ ಬರೆದದ್ದು: 'ಚಂದನ', 'ಯಕ್ಷಗಾನ', 'ಊರು'. ಮೊದಲಿನ ಎರಡು ಯೂಟ್ಯೂಬಿಗೆ, ಮೂರನೆಯದು ತೀರ್ಥಹಳ್ಳಿಯಲ್ಲಿರುವ ನನ್ನ ತಂಗಿಗೆ ವೀಡಿಯೋ ಕರೆ. ಮೌಸಿನ ಎಡಗುಂಡಿಗೆ ಕೆಂಪು ಟೇಪು ಅಂಟಿಸಿದ್ದೇನೆ. ವರ್ಷ ದಾಟಿತು, ಒಂದು ಗುರುತೂ ಜಾಗ ಬದಲಿಸಿಲ್ಲ. ಮೊನ್ನೆ ಮಧ್ಯಾಹ್ನ ನಾನು ಮನೆಗೆ ಬಂದಾಗ ಒಳಗಿಂದ ಚಂಡೆ ಕೇಳುತ್ತಿತ್ತು. ಇಣುಕಿದರೆ ಮಗ ಆಫೀಸಿಗೆ ರಜೆ ಹಾಕಿ ಮನೆಯಲ್ಲಿದ್ದವನು ಅಜ್ಜಿಯ ಪಕ್ಕ ಮಂಚದ ಮೇಲೆ ಕೂತಿದ್ದ. ಹಾಲಿನ ಐವತ್ತೈದು ಇಂಚು ಆರಿತ್ತು. ನಾನು ಏನೂ ಹೇಳಲಿಲ್ಲ.

ನಿಮ್ಮ ಅಟ್ಟದಲ್ಲೂ ಒಂದು ಇರುತ್ತದೆ. ಗುಜರಿಯವನಿಗೆ ಕೂಗು ಹಾಕುವ ಮೊದಲು ಇಳಿಸಿ, ತಿರುಗಿಸಿ, ಧೂಳು ಒರೆಸಿ, ಅದರ ಬೆನ್ನು ನೋಡಿ.